ಭಾವನವರ ನಂಬರ್ ಇವತ್ತು ಎಷ್ಟು?

"ಸುಮಾ, ಅವನ್ನ ಕೇಳೇ, ಇವತ್ತು ನಂಬರ್ ಎಷ್ಟಂತೆ?"

ಮೊನ್ನೆ ಮೊನ್ನೆಯವರೆಗೂ ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಕೇಳಿಬರುತ್ತಿದ್ದ ಮೊದಲ ಮಾತು ಇದು. ಕೂಗುವವರು ನನ್ನ ಗಂಡ ಮಂಜಣ್ಣ. ಹೋಗಿ ಕೇಳಬೇಕಾದವಳು ನಾನು. 'ಅವನು' ಅಂದರೆ ಗೋಡೆಯ ಆಚೆ ಬದಿಗೆ ಕೂತಿರುವ ಅವರ ಸ್ವಂತ ಅಣ್ಣ, ನನ್ನ ಭಾವ ತಿಪ್ಪೇಸ್ವಾಮಿ.

ಮಟ್ಕಾ ನಂಬರ್ ಅಂದುಕೊಂಡಿರಾ? ಎದುರು ಮನೆಯವರೂ ಹಾಗೇ ಅಂದುಕೊಂಡಿದ್ದರು. ಪಾಪ, ಬಹಳ ದಿನ ನನ್ನನ್ನು ಕಂಡಾಗ ತರಕಾರಿ ರೇಟು ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಒಂದು ದಿನ ಧೈರ್ಯ ಮಾಡಿ, "ನಿಮ್ಮ ಭಾವನೋರ ನಂಬರ್ ಬರ್ತೈತೇನ್ರಿ?" ಅಂತ ಪಿಸುಮಾತಿನಲ್ಲಿ ಕೇಳಿದರು. ಬರುತ್ತೆ, ಆದರೆ ಕರೆಂಟ್ ಹೋದಾಗಲೆಲ್ಲ ಬದಲಾಗುತ್ತೆ ಅಂದೆ. ಅವರಿಗೆ ಇನ್ನಷ್ಟು ಆಸೆಯಾಯಿತು.

ಇದು ಕಂಪ್ಯೂಟರಿನ ನಂಬರು ಸ್ವಾಮಿ. ಆದರೆ ಅದನ್ನು ಹೇಳುವ ಮೊದಲು ಕುದುರೆಯ ವಿಷಯ ಹೇಳಬೇಕು.

ಹೊಳಲ್ಕೆರೆಯಲ್ಲಿ ನಮ್ಮದು ಒಂದೇ ಮನೆ, ಎರಡು ಸಂಸಾರ. ಪಾಲಾದದ್ದು ಜಗಳವಾಡಿ ಅಲ್ಲ, ಜಾಗ ಸಾಲದೆ. ಎಡಗಡೆ ಭಾವ ಮತ್ತು ನನ್ನ ಓರಗಿತ್ತಿ ಗಿರಿಜಕ್ಕ. ಬಲಗಡೆ ನಾವು. ನಡುವೆ ನಮ್ಮ ಅತ್ತೆಯ ರೂಮು. ಅದಕ್ಕೆ ಎರಡೂ ಕಡೆ ಬಾಗಿಲು. ಆ ರೂಮು ಯಾರ ಪಾಲಿಗೂ ಬಂದಿಲ್ಲ, ಅದು ಅತ್ತೆಯ ಸ್ವತಂತ್ರ ದೇಶ. ಅಲ್ಲಿ ಅತ್ತೆಯ ಮಂಚ, ಅತ್ತೆಯ ಎಲೆಯಡಿಕೆ ತಟ್ಟೆ, ಮಾವನವರ ಫೋಟೋ, ಮಾವನವರ ಹೆಸರಿನಲ್ಲೇ ಇನ್ನೂ ಇರುವ ಟೆಲಿಫೋನು.

ಭಾವನಿಗೆ ಬಸ್‌ಸ್ಟ್ಯಾಂಡ್ ಹತ್ತಿರ ಗೊಬ್ಬರದ ಅಂಗಡಿ. ನಮ್ಮವರು ಚಿಕ್ಕಜಾಜೂರಿನಲ್ಲಿ ರೈಲ್ವೆ ಗುಮಾಸ್ತರು. ಸಂಜೆಯಾದರೆ ಇಬ್ಬರೂ ಅತ್ತೆಯ ಮಂಚದ ಪಕ್ಕ ಚಾಪೆ ಹಾಸಿಕೊಂಡು ಚದುರಂಗ. ಮದುವೆಯಾಗಿ ಬಂದಾಗಿನಿಂದ ನಾನು ನೋಡಿದ್ದೇ ಅದು. ಹಬ್ಬವಿರಲಿ, ನೆಂಟರು ಬಂದಿರಲಿ, ಒಲೆಯ ಮೇಲಿನ ಹಾಲು ಉಕ್ಕಲಿ, ಆಟ ನಿಲ್ಲುವಂತಿಲ್ಲ. ಅತ್ತೆಗೆ ಆಟ ಅರ್ಥವಾಗುವುದಿಲ್ಲ. ಆದರೆ ಇಬ್ಬರ ತಲೆಗಳೂ ಕಣ್ಣೆದುರಿಗೆ ಇರುತ್ತವಲ್ಲ, ಅಷ್ಟೇ ಅವರಿಗೆ ಬೇಕಾದದ್ದು.

ಒಂದು ಸಂಜೆ ಭಾವ ಕುದುರೆ ಮುಟ್ಟಿದರು.

ಮುಟ್ಟಿದರು, ಎತ್ತಿದರು, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದರು, ಇದ್ದಲ್ಲೇ ಇಟ್ಟರು. ಆಮೇಲೆ ಆನೆ ನಡೆಸಿದರು.

"ಮುಟ್ಟಿದ ಕಾಯಿ ನಡಸ್ಬೇಕು" ಅಂದರು ನಮ್ಮವರು.

"ಧೂಳು ಕೂತಿತ್ತು, ಒರೆಸಕ್ಕೆ ಮುಟ್ಟಿದ್ದು" ಅಂದರು ಭಾವ.

"ಒರೆಸಕ್ಕೆ ಆಕಾಶಕ್ಕೆ ಎತ್ತಬೇಕಾ?"

ಅಲ್ಲಿಂದ ಶುರುವಾದದ್ದು ಹೈಸ್ಕೂಲಿನ ಕಾಲದ ಸೈಕಲ್ಲಿಗೆ ಹೋಯಿತು. ಸೈಕಲ್ಲಿನಿಂದ, ಹೊರಕೆರೆದೇವಪುರದ ಯಾವುದೋ ಮದುವೆಯಲ್ಲಿ ಯಾರಿಗೆ ಹೋಳಿಗೆ ಮೊದಲು ಬಡಿಸಿದರು ಅನ್ನುವಲ್ಲಿಗೆ ಹೋಯಿತು. ಹೋಳಿಗೆಯವರೆಗೆ ಹೋದ ಜಗಳ ವಾಪಸ್ ಬರುವುದುಂಟಾ? ಅವತ್ತು ಚಾಪೆ ಸುತ್ತಿಟ್ಟವರು ಮತ್ತೆ ಹಾಸಲಿಲ್ಲ. ಮಾತೂ ನಿಂತಿತು. ಬೆಳಿಗ್ಗೆ ಒಬ್ಬರು ಎಡಬಾಗಿಲಿನಿಂದ ಬಂದು "ಅವ್ವ, ಹೋಗ್ಬರ್ತೀನಿ" ಅನ್ನುತ್ತಿದ್ದರು. ಅವರು ಹೋದದ್ದು ಖಾತ್ರಿಯಾದ ಮೇಲೆ ಇನ್ನೊಬ್ಬರು ಬಲಬಾಗಿಲಿನಿಂದ ಬಂದು ಅದನ್ನೇ ಅನ್ನುತ್ತಿದ್ದರು. ಅತ್ತೆ ಎರಡು ಸಲವೂ "ಹುಷಾರಪ್ಪ" ಅನ್ನುತ್ತಿದ್ದರು.

(ನಾನು, ಗಿರಿಜಕ್ಕ ಮಾತ್ರ ಮೊದಲಿನಂತೆಯೇ ಒಂದೇ ಒರಳಿನಲ್ಲಿ ರುಬ್ಬುತ್ತಿದ್ದೆವು. ಗಂಡಸರ ಕುದುರೆಗೂ ನಮ್ಮ ದೋಸೆ ಹಿಟ್ಟಿಗೂ ಏನು ಸಂಬಂಧ?)

ತಿಂಗಳುಗಟ್ಟಲೆ ಹೀಗೇ ನಡೆಯಿತು. ಅತ್ತೆ ಸಂಜೆಯ ಹೊತ್ತು ಸುಮ್ಮನೆ ಆ ಖಾಲಿ ಜಾಗ ನೋಡುತ್ತಾ ಕೂರುವುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು. ಆಗ ನನಗೊಂದು ಐಡಿಯಾ ಹೊಳೆಯಿತು. ಎರಡೂ ಮನೆಯಲ್ಲಿ ಕಂಪ್ಯೂಟರ್ ಇತ್ತು. ಭಾವ ಅಂಗಡಿಯ ಸ್ಟಾಕು ನೋಡಲು ತಂದದ್ದು ಒಂದು, ನಾನು ಈ ಅಂಕಣ ಬರೆಯಲು ತರಿಸಿಕೊಂಡದ್ದು ಒಂದು. ಬ್ರಾಡ್‌ಬ್ಯಾಂಡ್ ಬಂದಾಗ ಮೋಡೆಮ್ಮೂ ರೂಟರ್ರೂ ಎರಡೂ ಆಗಿರುವ ಒಂದು ಡಬ್ಬಿಯನ್ನು ಅತ್ತೆಯ ರೂಮಿನಲ್ಲಿ ಟೆಲಿಫೋನ್ ಪಕ್ಕ ಕೂರಿಸಿ, ಎಡಕ್ಕೊಂದು ವೈರು, ಬಲಕ್ಕೊಂದು ವೈರು ಎಳೆದಿದ್ದೆವು. ಆ ವೈರಿನ ಮೇಲೇ ಎರಡು ಕಂಪ್ಯೂಟರುಗಳ ನಡುವೆ ಚದುರಂಗ ಆಡಬಹುದು!

ಮತ್ತು ಮುಖ್ಯವಾದ ಮಾತು: ಕಂಪ್ಯೂಟರಿನಲ್ಲಿ ಕುದುರೆಯನ್ನು ಎತ್ತಿ ಒರೆಸಿ ಇಡಲು ಬರುವುದಿಲ್ಲ.

ನಾನು ಈ ಕಡೆ ಹೇಳಿದೆ, ಗಿರಿಜಕ್ಕ ಆ ಕಡೆ ಹೇಳಿದಳು. "ಅವನು ಆಡ್ತಾನಂದ್ರೆ ನಂದೇನು ಅಭ್ಯಂತರ ಇಲ್ಲ" ಅಂತ ಎರಡೂ ಕಡೆಯಿಂದ ಅಕ್ಷರಕ್ಕೆ ಅಕ್ಷರ ಒಂದೇ ಉತ್ತರ ಬಂತು. ಅಣ್ಣತಮ್ಮಂದಿರು ಅಂದರೆ ಸುಮ್ಮನೆಯಾ?

ಅಂತೂ ಆಟ ಶುರುವಾಯಿತು. ಮಾತಿಲ್ಲ, ಮುಖ ನೋಡುವುದಿಲ್ಲ, ಆದರೆ ಆಟ ಉಂಟು. ನಮ್ಮವರು ಭಾವನ ಮಂತ್ರಿ ಹೊಡೆದರೆ ಇಲ್ಲಿ ಚಿಟಿಕೆ, ಅಲ್ಲಿ ಕೆಮ್ಮು. ಅತ್ತೆ ನಡುವಿನ ರೂಮಿನಲ್ಲಿ ಕೂತು, "ಈಗ ದೊಡ್ಡೋನು ಸೋತ" ಅಂತ ಕೆಮ್ಮಿನ ಮೇಲೆಯೇ ಹೇಳುವಷ್ಟು ಪಳಗಿದರು. ಡಬ್ಬಿಯ ಮೇಲೆ ಪಕಪಕ ಮಿನುಗುವ ಹಸಿರು ದೀಪಗಳನ್ನು ತೋರಿಸಿ, "ಇದು ನಿನ್ ಗಂಡ, ಇದು ಅವಳ ಗಂಡ" ಅನ್ನುತ್ತಿದ್ದರು.

ಒಂದೇ ತೊಂದರೆ. ಈ ಆಟದಲ್ಲಿ ಒಬ್ಬರು ಆಟ ತೆರೆದಿಟ್ಟು ಕಾಯಬೇಕು, ಇನ್ನೊಬ್ಬರು ಅವರ ಕಂಪ್ಯೂಟರಿನ ನಂಬರ್ ಹೊಡೆದು ಒಳಗೆ ಹೋಗಬೇಕು. ಭಾವ ಹಿರಿಯರು. ಅವರು ಯಾರ ಹತ್ತಿರಕ್ಕೂ ಹೋಗುವವರಲ್ಲ. ಆದ್ದರಿಂದ ಅವರು ತೆರೆಯುವುದು, ನಮ್ಮವರು ಹೋಗುವುದು. ನಮ್ಮವರಿಗೆ ಭಾವನ ನಂಬರ್ ಬೇಕು. ಆ ನಂಬರ್ ಕೊಡುವುದು ಡಬ್ಬಿ.

ಡಬ್ಬಿಯ ನ್ಯಾಯ ಹೇಗೆಂದರೆ, ಮದುವೆ ಊಟದ ಪಂಕ್ತಿಯ ಹಾಗೆ. ಮೊದಲು ಬಂದವರಿಗೆ ಮೊದಲ ಎಲೆ. ನೂರಾ ತೊಂಬತ್ತೆರಡು ಚುಕ್ಕೆ ನೂರಾ ಅರವತ್ತೆಂಟು ಚುಕ್ಕೆ ಒಂದು ಚುಕ್ಕೆ ಅನ್ನುವಷ್ಟು ಎಲ್ಲರಿಗೂ ಸಾಮಾನ್ಯ, ಅದು ನಮ್ಮ ಬೀದಿಯ ಹೆಸರು ಇದ್ದಂತೆ. ಕೊನೆಯ ನಂಬರ್ ಮಾತ್ರ ಬೇರೆ ಬೇರೆ. ಕರೆಂಟ್ ಹೋಯಿತೋ, ನಮ್ಮ ಡಬ್ಬಿಗೆ ಹಿಂದಿನದೆಲ್ಲ ಮರೆವು. ಕರೆಂಟ್ ಬಂದ ಮೇಲೆ ಯಾರ ಕಂಪ್ಯೂಟರ್ ಮೊದಲು ಏಳುತ್ತದೋ ಅದಕ್ಕೆ ಎರಡು, ಆಮೇಲೆ ಎದ್ದದ್ದಕ್ಕೆ ಮೂರು. ನಡುವೆ ಭಾವನ ಅಂಗಡಿಯ ಲ್ಯಾಪ್‌ಟಾಪ್ ನುಗ್ಗಿತೋ, ನಾಲ್ಕು.

ನಮ್ಮ ಊರಿನಲ್ಲಿ ಕರೆಂಟ್ ಹೋಗುವುದಕ್ಕೇನು ಬರವೇ? ಹೋದಾಗಲೆಲ್ಲ ನಂಬರ್ ಬದಲು. ಬದಲಾದಾಗಲೆಲ್ಲ ನಾನು ಅತ್ತೆಯ ರೂಮಿಗೆ ಓಟ.

"ಗಿರಿಜಕ್ಕಾ, ಇವತ್ತು ಎಷ್ಟು?"

"ತಡಿಯೇ, ಕೇಳ್ತೀನಿ. ರೀ, ಎಷ್ಟಂತ್ರಿ?"

"ಮೂರು ಅನ್ನು."

"ಮೂರಂತೆ ಕಣೇ!"

"ಮೂರಂತೆ ಕಣ್ರೀ!"

ಭಾವನ ದನಿ ನಮ್ಮವರಿಗೆ ಕೇಳಿಸಿರುತ್ತದೆ. ಆದರೂ ಅದು ಗಿರಿಜಕ್ಕನಿಂದ ನನಗೆ, ನನ್ನಿಂದ ಅವರಿಗೆ ಬರಬೇಕು. ಇಬ್ಬರು ಹೆಂಡತಿಯರಿಗಿಂತ ಒಳ್ಳೆಯ ವೈರು ಯಾವ ಅಂಗಡಿಯಲ್ಲಿ ಸಿಗುತ್ತದೆ, ಹೇಳಿ?

ಹೀಗಿರುವಾಗ, ಹೋದ ತಿಂಗಳು ಒಂದು ಭಾನುವಾರ ಸಂಜೆ ನಮ್ಮವರು ಗೆಲ್ಲುವ ಹಂತಕ್ಕೆ ಬಂದರು. ಇದು ದಿನಾ ಆಗುವ ಕೆಲಸವಲ್ಲ. ಭಾವನ ಮಂತ್ರಿ ಮೂಲೆಗೆ ಸಿಕ್ಕಿಬಿದ್ದಿತ್ತು. ನಮ್ಮವರ ಮುಖ ಬೆಳದಿಂಗಳಾಗಿತ್ತು. "ಸುಮಾ, ಒಂದು ಕಾಫಿ" ಅಂದರು, ರಾಜಗಾಂಭೀರ್ಯದಲ್ಲಿ. ನಾನು ಲೋಟ ತರುವಷ್ಟರಲ್ಲಿ ಕರೆಂಟ್ ಹೋಯಿತು.

ಅಡ್ಡಿಯಿಲ್ಲ. ಆಟ ನಿಂತಲ್ಲಿಂದಲೇ ಮತ್ತೆ ಎತ್ತಿಕೊಳ್ಳಬಹುದು. ಕರೆಂಟ್ ಬಂತು. ಕಂಪ್ಯೂಟರ್ ಎದ್ದಿತು. ನಾನು ಓಡಿದೆ.

"ಗಿರಿಜಕ್ಕಾ, ಎಷ್ಟು?"

ಆ ಕಡೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಭಾವನ ದನಿ: "ಇನ್ನೂ ಬಂದಿಲ್ಲ ಅನ್ನು."

ಬಂದಿಲ್ಲವಂತೆ! ನಂಬರ್ ಏನು ಶ್ರೀರಾಂಪುರದ ಬಸ್ಸಾ, ಲೇಟಾಗಿ ಬರೋದಕ್ಕೆ?

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ. ಬಂದಿಲ್ಲ. ಊಟದ ಹೊತ್ತಿಗೂ ಬಂದಿಲ್ಲ. ಗಿರಿಜಕ್ಕ ಬಾಗಿಲಿಗೆ ಬಂದು, ಕಣ್ಣು ದೊಡ್ಡದು ಮಾಡಿ, "ಬಂದೈತೆ ಕಣೇ. ಪರದೆಗೆ ಕೈ ಅಡ್ಡ ಇಟ್ಕೊಂಡು ಕುಂತವ್ರೆ" ಅಂದಳು. ಅವಳು ಪಿಸುಗುಟ್ಟಿದ್ದು ನನಗೇ. ಆದರೆ ನಮ್ಮ ಮನೆಯ ಗೋಡೆಗಳು ಒಂದೇ ಇಟ್ಟಿಗೆಯವು.

ನಮ್ಮವರು ಎದ್ದು ನಿಂತರು. ಹದಿನೈದು ವರ್ಷದ ಸಂಸಾರದಲ್ಲಿ ನಾನು ಅವರನ್ನು ಆ ಥರ ಕಂಡಿರಲಿಲ್ಲ. "ಸೋಲೋ ಹೊತ್ತಲ್ಲಿ ನಂಬರ್ ಬಚ್ಚಿಡ್ತಾನಾ? ಸಾಕು. ನಂಗೆ ಅವನ ಆಟಾನೂ ಬೇಡ, ಅವನ ವೈರೂ ಬೇಡ. ಬರೋ ಭಾನುವಾರ ಆ ಡಬ್ಬಿಯಿಂದ ನಮ್ ವೈರ್ ಕಿತ್ತು ಹಾಕ್ತೀನಿ. ನಮಗೆ ಬೇರೆ ಫೋನು, ಬೇರೆ ಡಬ್ಬಿ. ಆ ಕಡೆ ಬಾಗ್ಲಿಗೆ ಬೀಗ."

ಅತ್ತೆ ಎಲೆಯಡಿಕೆ ತಟ್ಟೆ ಪಕ್ಕಕ್ಕಿಟ್ಟರು. ರಾತ್ರಿ ನಾನು ಮುದ್ದೆ ತಗೊಂಡು ಹೋದಾಗ ಡಬ್ಬಿಯ ಎರಡು ದೀಪಗಳನ್ನು ನೋಡುತ್ತಾ, "ಒಂದು ಆರಿ ಹೋಗ್ತೈತಾ ಹಂಗಾದ್ರೆ?" ಅಂದರು. ಅವರ ಮಟ್ಟಿಗೆ ಅದು ಬರೀ ಚದುರಂಗವಲ್ಲ. ಇಬ್ಬರು ಮಕ್ಕಳು ಇನ್ನೂ ಒಂದು ಕಡೆ ಸೇರುತ್ತಾರೆ ಅನ್ನುವುದಕ್ಕೆ ಉಳಿದಿದ್ದದ್ದು ಆ ಎರಡು ದೀಪ ಮಾತ್ರ.

ಭಾನುವಾರದ ಒಳಗೆ ಏನಾದರೂ ಮಾಡಲೇಬೇಕಿತ್ತು.

ನನ್ನ ಲೆಕ್ಕಾಚಾರ ಸರಳ. ನಂಬರ್ ಬದಲಾಗುವುದರಿಂದ ತಾನೇ ಬಚ್ಚಿಡುವುದು? ಭಾವನ ಕಂಪ್ಯೂಟರಿಗೆ ಒಂದೇ ನಂಬರ್ ಕಾಯಂ ಆಗಿಬಿಟ್ಟರೆ? ಕೇಳುವುದೂ ಬೇಡ, ಹೇಳುವುದೂ ಬೇಡ. ಡಬ್ಬಿಯ ಜೊತೆ ಬಂದ ಪುಟ್ಟ ಪುಸ್ತಕವನ್ನು ಹುಡುಕಿದೆ. ಅತ್ತೆ ಅದನ್ನು ಮಂಚದ ಕಾಲಿನ ಕೆಳಗೆ ಇಟ್ಟಿದ್ದರು, ಮಂಚ ಅಲ್ಲಾಡದಿರಲಿ ಅಂತ. ಎಳೆದು ತೆಗೆದು ಓದಿದೆ. ಇದೆ! ಡಬ್ಬಿಯ ಒಳಗಿನ ಪುಟಕ್ಕೆ ಹೋಗಿ, ಇಂಥ ಕಂಪ್ಯೂಟರ್ ಬಂದರೆ ಇದೇ ನಂಬರ್ ಕೊಡು, ಬೇರೆ ಯಾರಿಗೂ ಕೊಡಬೇಡ ಅಂತ ಬರೆದಿಡಬಹುದು. ಅದಕ್ಕೆ ರಿಸರ್ವೇಶನ್ ಅನ್ನುತ್ತಾರೆ.

ಮಾರನೆಯ ದಿನ ಗಂಡಸರಿಬ್ಬರೂ ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೂ ಕಾರ್ಯಾಚರಣೆಗೆ ಇಳಿದೆವು. ನಾನು ನನ್ನ ಕಂಪ್ಯೂಟರಿನಲ್ಲಿ ಡಬ್ಬಿಯ ಪುಟ ತೆರೆದು ಕೂತೆ. ಗಿರಿಜಕ್ಕ ಅವಳ ಮನೆಯ ಕಂಪ್ಯೂಟರಿನ ಮುಂದೆ. ನಡುವೆ ಅತ್ತೆ, ಎರಡೂ ಬಾಗಿಲು ತೆರೆದುಕೊಂಡು.

ಭಾವನ ಕಂಪ್ಯೂಟರನ್ನು ಡಬ್ಬಿ ಗುರುತು ಹಿಡಿಯಬೇಕಲ್ಲ, ಅದಕ್ಕೆ ಪ್ರತಿ ಕಂಪ್ಯೂಟರಿಗೂ ಹುಟ್ಟಿನಿಂದ ಬಂದ ಒಂದು ಗುರುತು ಇರುತ್ತದೆ. ಸ್ಕೂಲಿಗೆ ಸೇರಿಸುವಾಗ ಬಲಭುಜದ ಮೇಲೆ ಮಚ್ಚೆ ಅಂತ ಬರೆಸುತ್ತಿರಲಿಲ್ಲವೇ, ಹಾಗೆ. ಅಂಕಿಯೂ ಇಂಗ್ಲಿಷ್ ಅಕ್ಷರವೂ ಕಲಸಿದ ಉದ್ದನೆಯ ಸಾಲು. ಅದನ್ನು ಗಿರಿಜಕ್ಕ ಓದಿ ಕೂಗಬೇಕು.

"ಸೊನ್ನೆ ಸೊನ್ನೆ!"

"ಹ್ಞೂಂ!"

"ಒಂದು, ಸಿ! ಚಿತ್ರದುರ್ಗದ ಸಿ!"

"ಹ್ಞೂಂ, ಆಮೇಲೆ?"

"ಎಫ್! ನಮ್ ಗೊಬ್ಬರದ್ ಅಂಗಡಿ ಎಫ್!"

"ಗೊಬ್ಬರಕ್ಕೆ ಎಫ್ ಹೆಂಗಕ್ಕಾ?"

"ಫರ್ಟಿಲೈಜರ್ ಕಣೇ! ಬೋರ್ಡಲ್ಲಿ ಐತಲ್ಲ!"

ಅತ್ತೆ ನಡುವೆ ಕೂತು, "ಏನ್ರೇ ಅದು, ಲಗ್ನಪತ್ರಿಕೆ ಓದ್ತಾ ಇದೀರಾ?" ಅಂದರು.

ಮಚ್ಚೆ ಬರೆದುಕೊಂಡದ್ದಾಯಿತು. ಇನ್ನು ಯಾವ ನಂಬರ್ ಕೊಡುವುದು? ಇಲ್ಲಿಯವರೆಗೆ ಇದು ತಾಂತ್ರಿಕ ಕೆಲಸವಾಗಿತ್ತು. ಇಲ್ಲಿಂದ ಮುಂದೆ ಮನೆ ಕೆಲಸವಾಯಿತು.

"ಎಂಟು ಹಾಕಲಾ?" ಅಂದೆ, ಯೋಚಿಸದೆ.

"ಎಂಟಾ?" ಅತ್ತೆ ಮಂಚದಿಂದ ಇಳಿದೇಬಿಟ್ಟರು. "ಎಂಟು ಶನಿದು. ಈಗಾಗ್ಲೇ ಹಿಡ್ಕಂಡಿರೋದು ಸಾಲ್ದಾ?"

"ಹಂಗಾದ್ರೆ ಒಂದು ಕೊಡೇ, ಹಿರಿಯೋರು ಅಲ್ವಾ" ಅಂದಳು ಗಿರಿಜಕ್ಕ.

"ಒಂದು ಡಬ್ಬಿದೇ ಕಣಕ್ಕ."

ಅತ್ತೆಗೆ ಇದು ಹಿಡಿಸಲಿಲ್ಲ. "ಮನೇಲಿ ಹಿರಿ ಮಗ ಇರ್ಬೇಕಾದ್ರೆ ಒಂದು ಡಬ್ಬಿಗೆ ಯಾರು ಕೊಟ್ರು?" ಅಂತ ಡಬ್ಬಿಯನ್ನು ಒಮ್ಮೆ ದುರುಗುಟ್ಟಿ ನೋಡಿದರು. ಅದು ಹುಟ್ಟುವಾಗಲೇ ಹಾಗೆ ಅಂತ ಸಮಾಧಾನ ಮಾಡಿದೆ. ನೂರಾ ಎಂಟು? ಅಷ್ಟೋತ್ತರ, ದೇವರ ಸಂಖ್ಯೆ. ಆದರೆ ಈಗ ನೂರಾ ಎಂಟು ಅಂದರೆ ಆಂಬುಲೆನ್ಸ್. ಬೇಡ ಬೇಡ ಅಂದರು ಇಬ್ಬರೂ, ಕೆನ್ನೆ ಮುಟ್ಟಿಕೊಂಡು.

ಕೊನೆಗೆ ಅತ್ತೆ, "ನೂರಾ ಹದಿನಾರು ಹಾಕು" ಅಂದರು. ಅತ್ತೆಯ ತವರು ಹಿರಿಯೂರಿನ ಆಚೆ, ಆಂಧ್ರದ ಅಂಚಿಗೆ. ಅಲ್ಲಿ ಮುಯ್ಯಿ ಮಾಡುವುದಾದರೆ ನೂರಾ ಹದಿನಾರೇ. ಗಿರಿಜಕ್ಕನ ತವರು ಹೊಸದುರ್ಗದ ಕಡೆ. ಅವಳು ಒಪ್ಪುತ್ತಾಳಾ? "ಅತ್ತೆ, ಅದು ನಿಮ್ ಕಡೆ ಪದ್ಧತಿ. ಈ ಕಡೆ ಎಲ್ರೂ ನೂರಾ ಒಂದೇ ಇಡೋದು." ಆಮೇಲೆ ಯಾರ ಮದುವೆಯಲ್ಲಿ ಯಾರು ಎಷ್ಟು ಇಟ್ಟರು ಅನ್ನುವ ಚರ್ಚೆ ನಡೆದು, ನನ್ನ ಸಾರು ತಳ ಹಿಡಿದು, ಕೊನೆಗೆ ನೂರಾ ಒಂದು ಅಂತ ತೀರ್ಮಾನವಾಯಿತು. ನಾನು ಒತ್ತಿದೆ. ಡಬ್ಬಿ ಒಪ್ಪಿತು. ಇನ್ನು ಯಾವತ್ತು ಕರೆಂಟ್ ಹೋಗಲಿ, ಬರಲಿ, ಭಾವನ ಕಂಪ್ಯೂಟರ್ ನೂರಾ ಒಂದು. ಅತ್ತೆ ಡಬ್ಬಿಗೆ ಒಂದು ಚೂರು ಕುಂಕುಮ ಇಟ್ಟರು.

ನನಗೆ ಆ ಮಧ್ಯಾಹ್ನ ಎಷ್ಟು ಹೆಮ್ಮೆ ಅನ್ನುತ್ತೀರಿ! ಬಟ್ಟೆ ಒಣಹಾಕುವಾಗಲೂ ಹಾಡು ಗುನುಗುತ್ತಿದ್ದೆ.

ಸಂಜೆ ನಮ್ಮವರು ಬಂದರು. ಕೈಕಾಲು ತೊಳೆದು ಅವ್ವನನ್ನು ಮಾತಾಡಿಸಲು ಹೋದರು. ಸ್ವಲ್ಪ ಹೆಚ್ಚೇ ಹೊತ್ತು ಇದ್ದರು. ಬಂದವರು ಸೀದಾ ಕಂಪ್ಯೂಟರಿನ ಮುಂದೆ ಕೂತು ಏನೋ ಒತ್ತಿದರು. ನಾನು ಒಲೆಯ ಮುಂದೆ ಇದ್ದೆ, ಗಮನ ಕೊಡಲಿಲ್ಲ.

ಸ್ವಲ್ಪ ಹೊತ್ತಿಗೆ ಭಾವನೂ ಬಂದರು. ಗಿರಿಜಕ್ಕ ಬಾಗಿಲಲ್ಲೇ ಅವರಿಗೆ ರಿಸರ್ವೇಶನ್ ಸುದ್ದಿ ಹೇಳಿದ್ದು ಇಲ್ಲಿಗೂ ಕೇಳಿಸಿತು. ಆ ಕಡೆ ಕಂಪ್ಯೂಟರ್ ಎದ್ದ ಸದ್ದು.

"ಗಿರಿಜಾ, ಇದೇನೇ ಹಳದಿ ಗುಳ್ಳೆ?"

ನಮ್ಮ ಪರದೆಯ ಮೂಲೆಯಲ್ಲೂ ಅದೇ ಹಳದಿ ಗುಳ್ಳೆ. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರ ತಾತ್ಪರ್ಯ ಇಷ್ಟು: ನಿನ್ನ ನಂಬರನ್ನು ಈ ಮನೆಯಲ್ಲಿ ಇನ್ನೊಬ್ಬರೂ ಇಟ್ಟುಕೊಂಡಿದ್ದಾರೆ. ಒಂದು ನಂಬರಿಗೆ ಇಬ್ಬರು ಗಂಟು ಬಿದ್ದರೆ, ಆಮೇಲೆ ಬಂದವನಿಗೆ ಕೆಲಸ ನಡೆಯುವುದಿಲ್ಲ.

ನಾನು ಸೌಟು ಹಿಡಿದುಕೊಂಡೇ ಓಡಿ ಬಂದೆ. "ಏನ್ರೀ ಮಾಡಿದ್ರಿ?"

"ಏನೂ ಇಲ್ಲ. ನನ್ ಕಂಪ್ಯೂಟರಿಗೆ ನೂರಾ ಒಂದು ಅಂತ, ಡಬ್ಬೀನ ಕೇಳ್ದೆ, ನಾನೇ ಕೈಯಾರೆ ಬರೆದೆ. ಅವ್ವ ಹೇಳಿದ್ಲು."

ಅತ್ತೆ ರೂಮಿನಿಂದ ಅತ್ತೆಯ ದನಿ, ಯಾವ ಅಳುಕೂ ಇಲ್ಲದೆ: "ಹ್ಞೂಂ ಮತ್ತೆ! ದೊಡ್ಡೋನಿಗೆ ನೂರಾ ಒಂದು ಕೊಟ್ಟು ಸಣ್ಣೋನ್ನ ಹಂಗೇ ಬಿಡಾಕಾಗ್ತೈತಾ? ನಾನು ಯಾವತ್ತಾದ್ರೂ ಭೇದ ಮಾಡಿದೀನಾ?"

ಮಾಡಿಲ್ಲ. ಅದು ಸತ್ಯ. ಇಬ್ಬರಿಗೂ ಒಂದೇ ಥಾನಿನ ಶರಟು. ಪಾಲಾಗುವಾಗ ಎರಡು ಹಂಡೆ ಆ ಕಡೆ ಒಂದು, ಈ ಕಡೆ ಒಂದು. ಒಂದೇ ಇದ್ದ ಗಂಗಾಳವನ್ನು ಯಾರಿಗೂ ಕೊಡದೆ ತಾನೇ ಇಟ್ಟುಕೊಂಡ ತಾಯಿ ಅವರು. ಎಲ್ಲವನ್ನೂ ಸಮನಾಗಿ ಹಂಚಿದವರಿಗೆ, ಇಬ್ಬರಿಗೂ ಸಮನಾಗಿ ಕೊಟ್ಟರೆ ಇಬ್ಬರಿಗೂ ಕೆಟ್ಟುಹೋಗುವ ವಸ್ತುವೊಂದು ಈ ಲೋಕದಲ್ಲಿದೆ ಅಂತ ಹೇಗೆ ಗೊತ್ತಾಗಬೇಕು?

ನಾನು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ ಗುಡುಗು ಬಂತು.

"ಲೇ ಮಂಜಾ! ನನ್ ನಂಬರ್ ಬಿಡೋ!"

ನಾನು ಸೌಟು ಕೆಳಗಿಟ್ಟೆ. ಆ ಕಡೆ ಗಿರಿಜಕ್ಕನ ಕೈಯಿಂದ ಏನೋ ಬಿದ್ದ ಸದ್ದಾಯಿತು. ಅತ್ತೆ ಎದ್ದು ಕೂತರು.

ಲೇ ಮಂಜಾ! ಭಾವ ಕರೆದದ್ದು ಹೆಂಡತಿಯನ್ನಲ್ಲ, ನನ್ನನ್ನಲ್ಲ. ನಡುವೆ ಯಾರೂ ಇಲ್ಲ. ನೇರ ಸಂಪರ್ಕ.

ನಮ್ಮವರು ಒಂದು ಕ್ಷಣ ನನ್ನ ಮುಖ ನೋಡಿದರು. ದಾಟಿಸಲು ನಾನಿದ್ದೇನೆ ಅಂತ ಅಭ್ಯಾಸಬಲ. ನಾನು ಬಾಯಿಗೆ ಬೀಗ ಹಾಕಿ ನಿಂತೆ. ಉಕ್ಕಿ ಬಂದ ಸಿಟ್ಟಿಗೆ ಹೆಂಡತಿಯನ್ನು ಕಾಯುವ ತಾಳ್ಮೆ ಇರುತ್ತದಾ?

"ನಾನ್ಯಾಕೆ ಬಿಡ್ಲಿ? ಅವ್ವ ಕೊಟ್ಟಿದ್ದು ಕಣಣ್ಣ ನಂಗೆ!"

"ಅದು ಡಬ್ಬೀಲೇ ನನ್ ಹೆಸ್ರಿಗೆ ಬರ್ದೈತೆ! ರಿಸರ್ವೇಶನ್ ಐತೆ!"

"ರಿಸರ್ವೇಶನ್ ಇದ್ರೇನು, ಸೀಟಲ್ಲಿ ಕುಂತಿರೋನು ನಾನು! ರೈಲ್ವೇಲಿ ಇರೋದು ನಾನೋ ನೀನೋ?"

"ಟಿಕೀಟ್ ಇಲ್ದೆ ಕುಂತು ರೈಲ್ವೆ ಅಂತಾನೆ! ಸೈಕಲ್ಲೂ ಹಿಂಗೇ ಮಾಡ್ದೆ ನೀನು!"

ಸೈಕಲ್ ಬಂತು. ಹಿಂದೆಯೇ ಹೋಳಿಗೆ ಬಂತು. ಗೋಡೆಯ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ಎದುರು ಮನೆಯವರು ಕಿಟಕಿ ತೆರೆದರು. (ನಂಬರಿನ ಜಗಳ ಅಂತ ಗೊತ್ತಾಗುತ್ತಿದ್ದಂತೆ ಇಡೀ ಸಂಸಾರವೇ ಕಿಟಕಿಗೆ ಬಂತು.) ಗಂಟಲು ಒಣಗಿದಾಗ ಭಾವ ಗೋಡೆ ಬಿಟ್ಟರು. ಅತ್ತೆಯ ರೂಮಿನ ಎಡಬಾಗಿಲು ದಾಟಿ, ಚಾಪೆ ಹಾಸುತ್ತಿದ್ದ ಆ ಖಾಲಿ ಜಾಗ ದಾಟಿ, ಬಲಬಾಗಿಲು ದಾಟಿ, ನಮ್ಮ ಕಂಪ್ಯೂಟರಿನ ಮುಂದೆ ಬಂದು ನಿಂತರು.

"ಎಲ್ಲಿ ತೋರ್ಸು, ಹೆಂಗೆ ಬರ್ದಿದೀಯಾ."

"ನೋಡ್ಕೋ."

ಇಬ್ಬರೂ ಪರದೆಗೆ ಮುಖ ಹಚ್ಚಿ ನಿಂತರು. ಹಿಂದಿನಿಂದ ನೋಡಿದರೆ ಇಬ್ಬರ ಬೋಳೂ ಒಂದೇ ಅಳತೆಯದು. ಪರದೆಯ ಮೇಲೆ ಹಿಂದಿನ ಸಂಜೆಯ ಅರ್ಧ ಆಟ ತೆರೆದೇ ಇತ್ತು, ಭಾವನ ಮಂತ್ರಿ ಮೂಲೆಯಲ್ಲಿ.

"ಇಲ್ಲಿ ನೀನು ಗೆದ್ದೆ ಅನ್ಕಂಡಿದ್ಯಾ?" ಅಂದರು ಭಾವ.

"ಅನ್ಕಂಡಿದ್ದಲ್ಲ, ಗೆದ್ದಿದ್ದೆ."

"ಸರಿ ಆ ಕಡೆ. ಮೌಸ್ ಕೊಡಿಲ್ಲಿ."

"ಕುಂತ್ಕಳ್ರಿ ಭಾವ" ಅಂತ ನಾನು ಕುರ್ಚಿ ಎಳೆದೆ. ಅತ್ತೆ ಬಲಬಾಗಿಲಿಗೆ ಬಂದು ನಿಂತು ಸೆರಗಿನಿಂದ ಕಣ್ಣೊತ್ತಿಕೊಂಡರು. "ಬೈಕಂಡ್ರೂ ಬೈಕಳ್ಲಿ. ಅವರವರೇ ಬೈಕಂಡ್ರಲ್ಲ" ಅಂದರು.

ಭಾವ ಆ ಮಂತ್ರಿಯನ್ನು ಬಿಡಿಸಿಕೊಂಡರೋ ಇಲ್ಲವೋ ಅಂತ ಕೇಳಬೇಡಿ. ಅದರ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯವಿದೆ.

ಭಾನುವಾರ ಬಂತು, ಹೋಯಿತು. ವೈರು ಕೀಳುವ ಮಾತು ಯಾರೂ ಎತ್ತಲಿಲ್ಲ. ಆದರೆ ನಂಬರಿನ ಜಗಳ ಇನ್ನೂ ಮುಗಿದಿಲ್ಲ. ನೂರಾ ಒಂದನ್ನು ಬಿಟ್ಟುಕೊಡಲು ಇಬ್ಬರೂ ತಯಾರಿಲ್ಲ, ಇಬ್ಬರಿಗೂ ಅದು ಅವ್ವ ಕೊಟ್ಟ ನಂಬರು. ಯಾರ ಕಂಪ್ಯೂಟರ್ ಮೊದಲು ಏಳುತ್ತದೋ ಅವತ್ತು ಅದು ಅವರದು. ಕರೆಂಟ್ ಬಂದ ತಕ್ಷಣ ಎರಡೂ ಮನೆಯಲ್ಲಿ ಸ್ವಿಚ್ ಕಡೆಗೆ ಓಟ. ಸೋತವರ ಕಂಪ್ಯೂಟರ್ ಹಳದಿ ಗುಳ್ಳೆ ಊದಿಕೊಂಡು ಕೂರುತ್ತದೆ. ವೈರಿನ ಮೇಲೆ ಆಡುವುದು ಸಾಧ್ಯವೇ ಇಲ್ಲ. ಆದ್ದರಿಂದ ಒಂದೋ ಇವರು ಅಲ್ಲಿಗೆ, ಇಲ್ಲವೇ ಅವರು ಇಲ್ಲಿಗೆ. ಒಂದೇ ಕಂಪ್ಯೂಟರು, ಎರಡು ಕುರ್ಚಿ, ಒಂದು ಮೌಸು. ಮೌಸನ್ನು ಜಾಸ್ತಿ ಹೊತ್ತು ಯಾರು ಇಟ್ಟುಕೊಂಡರು ಅನ್ನುವುದು ಹೊಸ ಜಗಳ. ಅದು ನೇರವಾಗಿಯೇ ನಡೆಯುತ್ತದೆ, ನಮ್ಮನ್ನು ಕರೆಯುವುದಿಲ್ಲ. ಅತ್ತೆ ಅವತ್ತಿನ ಆಟ ಯಾವ ಕಡೆಯೋ ಆ ಕಡೆಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಳ್ಳುತ್ತಾರೆ.

ನನಗೂ ಗಿರಿಜಕ್ಕನಿಗೂ ಕೆಲಸ ಜಾಸ್ತಿಯಾಗಿದೆ ನಿಜ. ಸಂಜೆಯ ಕಾಫಿಗೆ ಲೆಕ್ಕವಿಲ್ಲ. "ಸುಮಾ, ಆ ಪುಸ್ತಕ ಓದಿ ಸರಿ ಮಾಡಕ್ಕೆ ಬರಲ್ವಾ?" ಅಂತ ಭಾವ ಎರಡು ಸಲ ಕೇಳಿದರು. ಬಹಳ ಕಷ್ಟ ಭಾವ, ಓದ್ತಾ ಇದೀನಿ ಅಂದೆ. ಪುಸ್ತಕ ಮತ್ತೆ ಮಂಚದ ಕಾಲಿನ ಕೆಳಗೆ ಹೋಗಿದೆ. ಗಿರಿಜಕ್ಕ ಆ ಕಡೆ ಮುಖ ತಿರುಗಿಸಿಕೊಂಡು ನಕ್ಕಳು.

(ನಮ್ಮ ಮನೆಯ ಗಂಡಸರು ಓದಿಬಿಟ್ಟರೆ ಅಂತ ನೀವು ಹೆದರಬೇಡಿ. ಅವರು ಪೇಪರಿನಲ್ಲಿ ಓದುವುದು ಈರುಳ್ಳಿ ಧಾರಣೆ ಮತ್ತು ಕ್ರಿಕೆಟ್ ಮಾತ್ರ. ಈ ಅಂಕಣದ ಮೇಲೆ ಇಬ್ಬರೂ ಉಪ್ಪಿನಕಾಯಿ ಬಾಟಲಿ ಇಡುತ್ತಾರೆ.)

ಇವತ್ತು ನೂರಾ ಒಂದು ಭಾವನದು. ನಮ್ಮವರು ಆ ಕಡೆ ಹೋಗಿ ಕೂತಿದ್ದಾರೆ, "ಲೇ, ಮೌಸ್ ಬಿಡೋ" ಅನ್ನುವುದು ಇಲ್ಲಿಗೆ ಕೇಳಿಸುತ್ತಿದೆ. ನನ್ನ ಮುಂದೆ ಹಳದಿ ಗುಳ್ಳೆ. ಸಂಪಾದಕರು ಅಲ್ಲಿ ಈ ಬರಹಕ್ಕೆ ಕಾಯುತ್ತಿದ್ದಾರೆ. ಹಾಗಾಗಿ ನಾನೀಗ ನಮ್ಮ ಕಂಪ್ಯೂಟರಿನ ನಂಬರನ್ನು ನೂರಾ ಎರಡು ಮಾಡುತ್ತೇನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗುಳ್ಳೆ ಮಾಯ, ಅಂಕಣ ಸಂಪಾದಕರ ಕೈಗೆ. ಆಮೇಲೆ ಮತ್ತೆ ನೂರಾ ಒಂದು ಮಾಡಿ, ಗುಳ್ಳೆ ಮೇಲೆ ಬಂದದ್ದನ್ನು ನೋಡಿಕೊಂಡೇ ಏಳುತ್ತೇನೆ.

ರಿಪೇರಿ ಅಂದರೆ ಯಾವಾಗಲೂ ಸರಿ ಮಾಡುವುದೇ ಆಗಬೇಕಾ?